ಆಪ್ ಮುಂದೆ ಅಜ್ಜಿಯರನ್ನು ಕೂರಿಸುವ ನೇತ್ರಾವತಿ

ಗುಬ್ಬಿ ಹತ್ತಿರದ ಹಳ್ಳಿಯೊಂದರ ಹಾಲಿನ ಡೇರಿ. ಬೆಳಗ್ಗೆ ಆರೂಕಾಲು. ಹಾಲು ಹಾಕಿ ಬಂದ ಪುಟ್ಟತಾಯಮ್ಮನನ್ನು ನೇತ್ರಾವತಿ ಕಟ್ಟೆಯ ಮೇಲೆ ಕೂರಿಸಿ ಕೈಗೆ ಫೋನು ಕೊಡುತ್ತಾರೆ. ವಿಧವಾ ಪಿಂಚಣಿಯನ್ನು ವರ್ಷಕ್ಕೊಮ್ಮೆ ನವೀಕರಿಸುವ ಹೊಸ ಆಪ್ ಅದು. ಓದು ಬಾರದವರು ಮಾತಾಡಿದರೆ ಸಾಕಂತೆ. ಫೋನು ಕೇಳುತ್ತದೆ: "ನಿಮ್ಮ ಗಂಡನ ಹೆಸರು ಹೇಳಿ."

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ. ಫೋನು ಮತ್ತೆ ಕೇಳುತ್ತದೆ. ಮೂರನೇ ಸಲಕ್ಕೆ "ಉತ್ತರ ಬಂದಿಲ್ಲ, ಅರ್ಜಿ ರದ್ದಾಗಿದೆ" ಎಂದು ತೀರ್ಪು ಕೊಟ್ಟು ಮುಚ್ಚಿಕೊಳ್ಳುತ್ತದೆ. ಪುಣ್ಯಕ್ಕೆ ಇದು ಬರೀ ಪರೀಕ್ಷೆ. ಮುಂದಿನ ತಿಂಗಳು ಆಪ್ ಜಾರಿಗೆ ಬಂದರೆ ಇದೇ ನಿಜವಾಗುತ್ತದೆ.

"ಅವ್ರು ಇದ್ದಾಗ್ಲೇ ಹೆಸ್ರು ಹಿಡ್ದು ಕರ್ದೋಳಲ್ಲ. ಈಗ ಈ ಡಬ್ಬಕ್ಕೆ ಹೇಳ್ಲಾ?" ಎನ್ನುವ ಅಜ್ಜಿ, ನೇತ್ರಾವತಿಯ ಮುಖ ನೋಡಿ ಮೆತ್ತಗಾಗುತ್ತಾರೆ. "ಆದ್ರೂ ಚೆನ್ನಾಗೈತೆ ಕಣವ್ವ, ಹಂಗೇ ಬರ್ಕೋ. ನಿನ್ ಕೆಲ್ಸಕ್ಕೆ ತೊಂದ್ರೆ ಆಗೋದು ಬ್ಯಾಡ."

ನೇತ್ರಾವತಿ ಹೆದರುವುದು ಈ 'ಚೆನ್ನಾಗೈತೆ'ಗೇ. ಮೂವತ್ತೆಂಟು ವರ್ಷದ ಅವರು ಓದಿದ್ದು ಪಿಯುಸಿ. ಗುಬ್ಬಿಯ ಜೆರಾಕ್ಸ್ ಅಂಗಡಿಯಲ್ಲಿ ಒಂಬತ್ತು ವರ್ಷ ಜನರ ಅರ್ಜಿ ತುಂಬಿದ್ದಾರೆ. ಈಗ ತುಮಕೂರಿನ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ದಿನಗೂಲಿಯ ಮೇಲೆ, ಇವತ್ತು ಗುಬ್ಬಿ ಕಡೆ, ನಾಳೆ ಕುಣಿಗಲ್ ಕಡೆ ಹೋಗಿ, ಹೊಸ ಆಪ್‌ಗಳನ್ನು ಜನರ ಕೈಗೆ ಕೊಟ್ಟು ಎಲ್ಲಿ ಎಡವುತ್ತಾರೆಂದು ನೋಡಿ ಬರುತ್ತಾರೆ. ಒಂದು ಆಪ್‌ಗೆ ಐದೇ ಜನರನ್ನು ಕೂರಿಸಿ ನೋಡುತ್ತಾರೆ. ಒಂದು ಫೋನು, ಒಂದು ನೋಟ್‌ಬುಕ್, ಬಸ್ ಟಿಕೆಟ್ಟು, ಖರ್ಚು ಅಷ್ಟೇ.

"ನಮ್ಗೆ ಬೇಜಾರಾಗ್ಬಾರ್ದು ಅಂತ ಜನ ಚೆನ್ನಾಗಿದೆ ಅಂತಾರೆ. ಬಾಯಿ ನಂಬಬಾರ್ದು, ಬೆರಳು ಎಲ್ಲಿ ನಿಲ್ತದೆ ನೋಡ್ಬೇಕು. ನಾವು ಹೇಳ್ಕೊಡೋ ಹಂಗಿಲ್ಲ. ಸುಮ್ನೆ ಕೂರೋದೇ ಕಷ್ಟ" ಎನ್ನುತ್ತಾರೆ ನೇತ್ರಾವತಿ.

ಈ ಸಲ ಪುಟ್ಟತಾಯಮ್ಮ ಸೇರಿ ಐವರಲ್ಲಿ ನಾಲ್ವರು ಗಂಡನ ಹೆಸರು ಹೇಳಲು ಬಾಯಿಬಿಟ್ಟಿಲ್ಲ. ಕಂಪನಿಯ ಮ್ಯಾನೇಜರ್ ಗುರುಪ್ರಸಾದ್ ಅವರಿಗೆ ಇದು ತಮಾಷೆ. "ಈ ಕಾಲದಲ್ಲೂ ಹಿಂಗಾ? ಆಫೀಸಲ್ಲಿ ಇಪ್ಪತ್ತು ಜನ ಟೆಸ್ಟ್ ಮಾಡಿದೀವಿ, ಒಬ್ರಿಗೂ ಪ್ರಾಬ್ಲಂ ಆಗಿಲ್ಲ. ಸೈನ್ ಹಾಕಿ ನೇತ್ರಾವತಿ" ಎನ್ನುತ್ತಾರೆ. ಎಸಿ ಕೆಳಗೆ ಕೂತ ಆ ಇಪ್ಪತ್ತು ಮಂದಿಯಲ್ಲಿ ವಿಧವೆಯರೆಷ್ಟು ಎಂದು ಮ್ಯಾನೇಜರನ್ನು ಯಾರೂ ಕೇಳಿಲ್ಲ. ಉಣ್ಣುವವರನ್ನು ಆಚೆ ನಿಲ್ಲಿಸಿ ಅಡುಗೆಯವರೇ ರುಚಿ ನೋಡಿ ಭೇಷ್ ಅಂದುಕೊಂಡ ಹಾಗಾಯಿತು! ಹೊಟ್ಟೆ ಉರಿಯುವ ಸಂಗತಿಯೆಂದರೆ, ಆ ಹೆಸರು ಪಿಂಚಣಿಯ ಮಂಜೂರಾತಿ ಪತ್ರದಲ್ಲಿ ಆಗಲೇ ಇದೆ. ಅದನ್ನೇ ಫೋನು ಓದಿ ಹೇಳಿ, 'ಸರಿಯಾ?' ಎಂದು ಕೇಳಿದರೆ ಮುಗಿಯಿತು. ಮೊದಲ ಅಜ್ಜಿ ಅಲ್ಲಿ ಎಡವಿದಾಗಲೇ ಹಾಗೆಂದು ನೇತ್ರಾವತಿ ಕಂಪನಿಗೆ ಬರೆದುಕೊಟ್ಟು ಮೂರು ವಾರವಾಗಿದೆ.

"ಬಳಕೆದಾರರು ಒಪ್ಪಿದ್ದಾರೆ" ಎಂಬ ಕಾಗದ ಇನ್ನೂ ಅವರ ಚೀಲದಲ್ಲಿದೆ. ಅವರ ಸಹಿ ಬೀಳದೆ ಆಪ್ ಹೊರಬರುವಂತಿಲ್ಲ. ಹಾಕದಿದ್ದರೆ ಈ ದಿನಗೂಲಿಯೂ ಉಳಿಯದು ಎಂಬ ಸೂಚನೆ ಬಂದಿದೆ.

"ಹಾಕಲ್ಲ" ಎನ್ನುತ್ತಾರೆ ನೇತ್ರಾವತಿ. "ಬೇರೆಯವ್ರನ್ನ ಇಟ್ಕೊಂಡ್ರೆ ಇಟ್ಕೊಳ್ಲಿ ಬುಡಿ. ನಂದೊಂದೇ ಆಸೆ. ಆಪ್ ಮಾಡ್ದೋರು ಒಂದಿನ ಬೆಳಗ್ಗೆ ಬಂದು, ಬಾಯ್ ಮುಚ್ಕೊಂಡು ಈ ಹೆಂಗಸ್ರ ಪಕ್ಕ ಕೂತ್ಕೊಳ್ಲಿ. ಆಮೇಲೂ ಧೈರ್ಯ ಇದ್ರೆ, ಅವ್ರೇ ಹಾಕ್ಲಿ ಸೈನು."