ಬರಿ ಸೀಸೆ ಕೊಡಬಾರದು

ಮಚ್ಛೇಂದ್ರ ಸರ್ ಹೈದರಾಬಾದಿನ ವೈದ್ಯಕೀಯ ಕಾಲೇಜಿನಲ್ಲಿ ನಮಗೆ ಜೀವರಸಾಯನ ಕಲಿಸುತ್ತಿದ್ದರು. ರಕ್ತ, ಮೂತ್ರ ನೋಡಿ ರೋಗ ಗುರುತಿಸುವ ವಿದ್ಯೆ. ಮೊದಲ ದಿನ ಪಾಠವೇ ಇಲ್ಲ, ಸೀಸೆ ತೊಳೆಯಬೇಕು. ತೊಳೆದದ್ದನ್ನು ಮತ್ತೆ ತೊಳೆಯಬೇಕು. ಡಾಕ್ಟರಾಗಲು ಬಂದು ಮುಸುರೆ ತಿಕ್ಕುವ ಕರ್ಮ ಬಂತಲ್ಲ ಎಂದು ನಾವು ಗೊಣಗುತ್ತಿದ್ದೆವು. ತಮ್ಮ ಬೀದರ ಕಡೆಯವನೇ, ಭಾಲ್ಕಿಯ ಹುಡುಗನೆಂದು ಒಂದು ಸಲ ನನಗೆ ಕಾರಣ ಹೇಳಿದರು. ಆಮೇಲೆ ನಾನು ಗೊಣಗಲಿಲ್ಲ.

ಸರ್ ಔರಾದ ಕಡೆಯ ಡಾಬಕಾದವರು, ಕುರಿ ಕಾಯುವ ಮನೆತನ. ಫಕ್ರೋದ್ದೀನ ಮಾಸ್ತರರು ಅವರನ್ನು ಬೀದರಿನ ತಮ್ಮ ಮನೆಯಲ್ಲಿಟ್ಟುಕೊಂಡು, ಅನ್ನ ಹಾಕಿ, ಅಕ್ಷರ ಕಲಿಸಿ, ಹೈದರಾಬಾದಿಗೆ ಓದಲು ಕಳಿಸಿದ್ದರು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ ಸರ್ ಕಾಲೇಜಿನಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದರು. ಮುಸ್ಲಿಮರ ಮನೆಗಳ ಮೇಲೆ ದಾಳಿಯಾಗುತ್ತಿತ್ತು; ಬೀದರಿನಿಂದ ಬರುವ ಸುದ್ದಿ ಒಂದಕ್ಕಿಂತ ಒಂದು ಕೆಟ್ಟದ್ದು. ರೈಲು ಮತ್ತೆ ಶುರುವಾದ ಕೂಡಲೇ ಬೀದರಿಗೆ ಓಡಿದರು.

ಮಾಸ್ತರರು ಬದುಕಿದ್ದರು. ಆದರೆ ಮೈಯೆಲ್ಲ ಎಲುಬು, ಎದ್ದರೆ ತಲೆಸುತ್ತು, ಬಾಯಿ ಸದಾ ಒಣಗುವುದು. ಸಕ್ಕರೆ ಕಾಯಿಲೆಯೇ ಇರಬೇಕೆಂದು ಸರ್‌ಗೆ ದಿಗಿಲಾಯಿತು. ಅಂಥ ದಿನಗಳಲ್ಲಿ ಇನ್ಸುಲಿನ್ ಎಲ್ಲಿಂದ ತರಬೇಕು? ಸರ್ ಅವರ ತಾಯಿ ಕಾಂತಾಬಾಯಿ ಗಲಾಟೆಗೆ ಹೆದರಿ ಡಾಬಕಾ ಬಿಟ್ಟು ಬೀದರಿನ ಪಕ್ಕದ ನೌಬಾದದಲ್ಲಿ ಮನೆ ಹಿಡಿದಿದ್ದರು. ಪರೀಕ್ಷೆಗೆ ಮೂತ್ರ ಹಿಡಿದು ಕೊಡಲೆಂದು ಅವರ ಕೈಯಲ್ಲೇ ಮಾಸ್ತರರಿಗೆ ಔಷಧದ ಒಂದು ಖಾಲಿ ಕಂದು ಸೀಸೆ ಕಳಿಸಿದರು.

ಸೀಸೆಯಲ್ಲಿ ಮೂತ್ರ ಬಂತು. ಕಾಲೇಜಿನಿಂದ ತಂದಿದ್ದ ನೀಲಿ ದ್ರಾವಣಕ್ಕೆ ಸರ್ ಅದರ ಕೆಲವು ಹನಿ ಬಿಟ್ಟು ಕಾಯಿಸಿದರು. ಸಕ್ಕರೆ ಇಲ್ಲದಿದ್ದರೆ ನೀಲಿ ಹಾಗೇ ಉಳಿಯಬೇಕು. ಅದು ಇಟ್ಟಂಗಿಯಂತೆ ಕೆಂಪಾಯಿತು. ಸರ್ ತಲೆಯ ಮೇಲೆ ಕೈ ಹೊತ್ತು ಕುಳಿತರು.

"ಯಾಕೋ, ಏನಾತು?" ಎಂದರು ತಾಯಿ.

"ಮಾಸ್ತರ್ ಉಚ್ಚಿಯೊಳಗ ಸಕ್ರಿ ಅದ, ಯವ್ವಾ."

"ಸಕ್ರಿ ಎಲ್ಲೀದೋ? ನಾ ಹಾಕಿದ್ದು ಬೆಲ್ಲ."

ಸರ್ ದಂಗಾದರು. "ಬೆಲ್ಲಾ? ಯಾಕ ಹಾಕ್ದಿ?"

"ಒಬ್ಬರ ಮನಿಗಿ ಬರಿ ಸೀಸಾ ಹ್ಯಾಂಗ ಕೊಡ್ಲಿ? ಅದೂ ಇಂಥಾ ದಿನದಾಗ, ಆ ಮನಿಗಿ! ಚಿಟಿಕಿ ಪುಡಿ ಹಾಕ್ದೆ."

ಖಾಲಿ ಪಾತ್ರೆ ಹೊಸ್ತಿಲು ದಾಟಿ ಒಳಗೆ ಬಂದರೆ ಆ ಮನೆ ಬರಿದಾಗುತ್ತದೆಂದು ನಮ್ಮ ಕಡೆಯ ನಂಬಿಕೆ. ಕಂದು ಸೀಸೆಯ ತಳದ ಬೆಲ್ಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸರ್‌ಗೆ ತಾಯಿಯನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಇನ್ನೊಂದು ಸೀಸೆಯನ್ನು ತಾವೇ ತಿಕ್ಕಿ ತೊಳೆದು, ಕುದಿಸಿ, ಮಾಸ್ತರರ ಮನೆಗೆ ಒಯ್ದರು. ದೀಪ, ದ್ರಾವಣ ಅಲ್ಲೇ ಇಟ್ಟುಕೊಂಡು ಕಾಯಿಸಿದರು. ನೀಲಿ ನೀಲಿಯಾಗಿಯೇ ಉಳಿಯಿತು. ಹೋದ ಜೀವ ಬಂದಂತಾಗಿ ಸರ್ ಮಗುವಿನಂತೆ ಅತ್ತುಬಿಟ್ಟರು.

"ನಿಮಗ ಯಾವ ಬ್ಯಾನಿನೂ ಇಲ್ರಿ, ಸಾಬ್. ಊಟ ಯಾಕ ಬಿಟ್ಟೀರಿ?"

"ಹೆದರಿಕಿ, ಬೇಟಾ. ತುತ್ತು ಗಂಟಲದಾಗ ಇಳೀವಲ್ದು," ಎಂದರು ಮಾಸ್ತರರು. "ಈ ಊರಾಗ ನಮ್ಮ ಒಳ್ಳೇದು ಬಯಸೋರು ಯಾರೂ ಉಳಿದಿಲ್ಲಂತ ಅನಿಸಿತ್ತು."

ಸರ್ ಬೆಲ್ಲದ ಕತೆ ಹೇಳಿದರು. ಮಾಸ್ತರರು ಹೆಂಡತಿ ಅನ್ವರಿ ಬೇಗಂ ಅವರಿಗೆ ರೊಟ್ಟಿ ಬಡಿಯಲು ಹೇಳಿ, ಸರ್ ಕಡೆ ತಿರುಗಿದರು.

"ನಿಮ್ಮವ್ವನ ಕಡಿ ಆ ಬೆಲ್ಲ ಇನ್ನಾ ಅದ ಏನು? ಇದ್ರ ಓಡಿ ತಗೊಂಬಾ."