ಗಂಗಮ್ಮ ಓಡಿಸಿದ ದುಂಬಿ

ಕಣ್ಣಿಗೆ ಕಾಣದ್ದನ್ನು ನಂಬುವ ಜಾಯಮಾನ ನನ್ನದಲ್ಲ. ದೆವ್ವ ಮೆಟ್ಟಿದೆ ಎಂದು ಕರೆತಂದವರನ್ನು ಸಕ್ಕರೆ ಪರೀಕ್ಷೆಗೆ ಕಳಿಸುವ ವೈದ್ಯ ನಾನು. ಹಾಗಿದ್ದೂ ಶಿಕಾರಿಪುರದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದಾಗ ನಡೆದ ಇದೊಂದನ್ನು ನಿಮಗೆ ಹೇಳದೆ ಸಮಾಧಾನವಿಲ್ಲ.

ಒಂದು ಮಧ್ಯಾಹ್ನ ತೊಗರ್ಸಿ ಕಡೆಯ ಈರಣ್ಣ ಎಂಬ ಯುವಕ ಯಾರದೋ ಬೈಕಿನ ಹಿಂದೆ ಕೂತು ಬಂದ. ಬದುವಿನ ಹುಲ್ಲು ಕತ್ತರಿಸುವಾಗ ಮಷೀನು ಹಳೆಯ ತಂತಿಗೆ ತಾಗಿ, ಒಂದು ಚೂರು ಸಿಡಿದು ಕೊರಳಿಗೆ ನಾಟಿತ್ತು. ಅದನ್ನು ತಾನೇ ಕಿತ್ತು ಅಂಗಿ ಜೇಬಿನಲ್ಲಿಟ್ಟುಕೊಂಡಿದ್ದ. ಕಿವಿಯ ಕೆಳಗೆ ಅವರೆಕಾಳಿನಷ್ಟೂ ಇಲ್ಲದ ಗಾಯ. ರಕ್ತ ನಿಂತಿತ್ತು. ನಾಡಿ, ಬಿಪಿ ಸರಿಯಿತ್ತು. ಕುಡಿಯಲು ಕೊಟ್ಟ ನೀರು ಸಲೀಸಾಗಿ ಇಳಿಯಿತು.

"ಎರಡು ಹೊಲಿಗೆ ಹಾಕಿ ಕಳಿಸ್ರೀ ಸಾರ್, ಕೆಲ್ಸ ಅರ್ಧಕ್ಕೆ ನಿಂತೈತಿ" ಎಂದ. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದರು. ನಾನೂ ಸರಿ ಎಂದು ಗಾಯದ ಮೇಲೆ ಬಟ್ಟೆ ಇಟ್ಟು, ಹೊಲಿಗೆಗೆ ಸಿದ್ಧಮಾಡಲು ನರ್ಸ್‌ಗೆ ಹೇಳಿದೆ.

ಅಷ್ಟರಲ್ಲಿ ಸುದ್ದಿ ತಿಳಿದು ಅವನ ತಾಯಿ ಗಂಗಮ್ಮ ಓಡಿಬಂದರು. ಬಾಗಿಲಲ್ಲೇ ನಿಂತು, "ಅಯ್ಯ, ದುಂಬಿ ಬಂದೈತಲ್ಲೋ" ಎಂದು ಸೆರಗು ಬೀಸತೊಡಗಿದರು. ದುಂಬಿ ಎಲ್ಲೂ ಇರಲಿಲ್ಲ. ನರ್ಸ್ ಕಿಟಕಿ ಮುಚ್ಚಿದಳು. ಗಂಗಮ್ಮ ಬಿಡಲಿಲ್ಲ. ಹತ್ತಿರ ಬಂದು ಮಗನ ಕೊರಳ ಬಳಿಯೇ ಬೀಸುತ್ತಾ, "ಗುಂಯ್ ಅಂತೈತಿ, ಓಡಿಸ್ರೀ ಡಾಕ್ಟ್ರೇ" ಎಂದು ಜೀವ ತಿಂದರು. ನನಗೆ ರೇಗಿಹೋಯಿತು. ಅವರ ಬಾಯಿ ಮುಚ್ಚಿಸಲೆಂದೇ ಸ್ಟೆತಾಸ್ಕೋಪನ್ನು ಆ ಬಟ್ಟೆಯ ಪಕ್ಕ ಒತ್ತಿದೆ.

ದುಂಬಿ ಅಲ್ಲಿತ್ತು. ಎದೆಬಡಿತದ ಜೊತೆ ಏರಿಳಿಯುವ, ಎಡೆಬಿಡದ ಗುಂಯ್ ಸದ್ದು. ತಂತಿ ಕೊರಳಿನ ಎರಡು ದೊಡ್ಡ ರಕ್ತನಾಳಗಳನ್ನು ತೂತುಮಾಡಿ, ರಕ್ತ ಹೊರಬಾರದೆ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತಿದೆ ಎಂದು ಅದರ ಅರ್ಥ. ಕೊರಳಿನ ಗಾಯವನ್ನು ಮೊದಲು ಆಲಿಸಬೇಕೆಂಬ ಪಾಠವನ್ನೇ ನಾನು ಅವಸರದಲ್ಲಿ ಬಿಟ್ಟಿದ್ದೆ. ಹೊಲಿದು ಮನೆಗೆ ಕಳಿಸಿದ್ದರೆ ಅದು ಒಳಗೊಳಗೇ ಪ್ರಾಣಕ್ಕೆ ಕುತ್ತು ತರುತ್ತಿತ್ತು. ಗಾಯವನ್ನು ಮುಟ್ಟದೆ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದೆ. ಅಲ್ಲಿ ಸ್ಕ್ಯಾನ್ ಮಾಡಿ, ಅಂದೇ ಆಪರೇಷನ್ ಮಾಡಿದರು. ಈರಣ್ಣ ಉಳಿದ.

ತಿಂಗಳ ಮೇಲೆ ತಾಯಿ ಮಗ ಬಾಳೆಗೊನೆ ಹಿಡಿದು ಬಂದರು.

"ನಿಮ್ಮವ್ವನ ಕಿವಿ ನಿಮ್ಮನ್ನ ಉಳಿಸ್ತು ನೋಡ್ರೀ" ಎಂದೆ.

ಈರಣ್ಣ ನಕ್ಕ. "ತಮಾಷೆ ಮಾಡ್ತೀರಿ ಸಾರ್. ಅವ್ವಂಗೆ ಎರಡೂ ಕಿವಿ ಹೋಗಿ ಹತ್ತು ವರ್ಷಾತು."

ನಾನು ನಂಬಲಿಲ್ಲ. ಗಂಗಮ್ಮನ ಬೆನ್ನ ಹಿಂದೆ ಸ್ಟೀಲ್ ಟ್ರೇ ಬೀಳಿಸಿದೆ. ತಿರುಗಿ ನೋಡಲಿಲ್ಲ. ಸನ್ನೆ ಮಾಡಿ ಕೇಳಿದರೆ, "ದುಂಬಿ ಇತ್ತಲ್ರೀ" ಎಂದಷ್ಟೇ ಹೇಳಿದರು. ಚರ್ಮ ಅದುರಿದ್ದು ಕಂಡಿತೇ ಎಂದರೆ, ಅವರಿದ್ದದ್ದು ಬಾಗಿಲಲ್ಲಿ, ಗಾಯದ ಮೇಲೆ ಬಟ್ಟೆ ಬೇರೆ ಇತ್ತು. ನನಗಂತೂ ಇಂದಿಗೂ ಬಗೆಹರಿದಿಲ್ಲ.

ಈಗ ಸೊರಬದಲ್ಲಿದ್ದೇನೆ. ಕೊರಳಿಗೆ ಗೀರು ಬಿದ್ದವರು ಬಂದರೂ ಮೊದಲು ಆಲಿಸುತ್ತೇನೆ. ಆದರೆ ನನ್ನನ್ನು ಕುಟುಕುವುದು ಬೇರೆ. ಗಂಗಮ್ಮ ಬರುವುದಕ್ಕೆ ಮೊದಲಿನ ವರ್ಷಗಳಲ್ಲಿ ಕೊರಳ ಗಾಯಕ್ಕೆ ಆಲಿಸದೆಯೇ ಹೊಲಿಗೆ ಹಾಕಿ, "ಏನಿಲ್ಲ, ಹೋಗಿ" ಎಂದು ನಾನು ಕಳಿಸಿದವರು ಹಲವರು. ಅವರಲ್ಲಿ ಕೆಲವರು ಹೊಲಿಗೆ ಬಿಚ್ಚಿಸಲು ತಿರುಗಿ ಬರಲೇ ಇಲ್ಲ.