ಮುಷ್ಕರದ ಟೀಚರ್ ಮನೆಗೆ ಹತ್ತು ಬ್ಯಾಗು

ಕಳೆದ ತಿಂಗಳು ಒಂದು ಸೋಮವಾರ ನಮ್ಮ ಮನೆಯ ಹಾಲ್‌ನಲ್ಲಿ ಹನ್ನೊಂದು ಮಕ್ಕಳಿದ್ದವು. ಅದರಲ್ಲಿ ನನ್ನದು ಒಂದೇ.

ಒಂದು ಸೋಫಾದ ಮೇಲೆ ನಿಂತು ಬಸ್ ಕಂಡಕ್ಟರ್ ಆಗಿತ್ತು. ಎರಡು ಫ್ರಿಜ್ ಬಾಗಿಲಿಗೆ ಜೋತುಬಿದ್ದಿದ್ದವು. ಇನ್ನೊಂದು ಬಾತ್‌ರೂಮಿನಿಂದ ‘ಅಂಕಲ್, ಅಯಿಪೋಯಿಂದಿ’ ಎಂದು ಕೂಗುತ್ತಿತ್ತು. (ಮುಗೀತು ಅಂತ ಅರ್ಥ. ಯಾಕೆ ಕೂಗುತ್ತಿತ್ತು ಎಂದು ಮಕ್ಕಳಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.) ಹೈದರಾಬಾದಿನ ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನದ ಉಪಕರಣಗಳನ್ನು ಟೆಸ್ಟ್ ಮಾಡಿ ‘ಸರಿ ಇದೆ’ ಎಂದು ಸಹಿ ಹಾಕುವವನು ನಾನು. ಮಧ್ಯಾಹ್ನದ ಹೊತ್ತಿಗೆ ನಾನೇ ಸರಿ ಇರಲಿಲ್ಲ.

ಇದಕ್ಕೆಲ್ಲ ಕಾರಣ ಟೀಚರ್‌ಗಳ ಮುಷ್ಕರ.

ಅದರ ಹಿಂದಿನ ಗುರುವಾರ ಮಗಳು ಸಿರಿಯನ್ನು ಬಿಡಲು ಹೋದರೆ ಶಾಲೆಯ ಗೇಟು ಮುಚ್ಚಿತ್ತು. ಹೊರಗೆ ಶಾಮಿಯಾನ. ಅದರ ಕೆಳಗೆ ಜಮಖಾನೆ. ಜಮಖಾನೆಯ ಮೇಲೆ ಟೀಚರ್‌ಗಳು, ಕೈಯಲ್ಲಿ ಬೋರ್ಡು. ನಾನು ಬೋರ್ಡು ಓದುವ ಗೋಜಿಗೇ ಹೋಗಲಿಲ್ಲ. ನನಗೆ ಬಂದದ್ದು ಬರೀ ಸಿಟ್ಟು. ಇವರು ಇಲ್ಲಿ ಕೂತರೆ ನಾನು ಈ ಮಗುವನ್ನು ಎಲ್ಲಿ ಕೂರಿಸಲಿ?

ಶಾಲೆ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾವೆಲ್ಲ ವಿದ್ಯೆ, ಶಿಸ್ತು, ಸಂಸ್ಕಾರ ಎನ್ನುತ್ತೇವೆ. ಸುಳ್ಳು! ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗೆ ಶಾಲೆ ಅಂದರೆ ಮೊದಲು ಮಗುವನ್ನು ನಂಬಿ ಬಿಟ್ಟುಹೋಗುವ ಜಾಗ. ಎ ಬಿ ಸಿ ಡಿ ಅದರ ಮೇಲಿನ ಒಗ್ಗರಣೆ. ಈ ಸತ್ಯ ಗೊತ್ತಾಗುವುದು ಗೇಟು ಮುಚ್ಚಿದ ದಿನ ಮಾತ್ರ.

ಹೆಂಡತಿ ಶೈಲಾ ಬ್ಯಾಂಕಿನವಳು. ಅವತ್ತು ಹೇಗೋ ರಜೆ ಹಾಕಿದಳು. ರಾತ್ರಿ ನಮ್ಮಿಬ್ಬರ ನಡುವೆ, ನಿಮ್ಮ ಮನೆಯಲ್ಲೂ ಆಗಿರಬಹುದಾದ ಆ ಪಂದ್ಯ. ಯಾರ ಕೆಲಸ ದೊಡ್ಡದು? ಅವಳ ಬ್ರಾಂಚಿನಲ್ಲಿ ಆಡಿಟ್. ನನ್ನ ಕಡೆ ಉಪಕರಣಗಳ ಒಂದು ದೊಡ್ಡ ಲಾಟ್ ಮುಂದಿನ ಗುರುವಾರ ಹೊರಡಬೇಕು, ಕೊನೆಯ ಪರೀಕ್ಷೆಗೆ ನಾನಿರಲೇಬೇಕು. ಮ್ಯಾಚ್ ಡ್ರಾ ಆಯಿತು. ಶುಕ್ರವಾರ ಬೆಳಿಗ್ಗೆ ಮಗಳನ್ನು ಅವತ್ತಿನ ಮಟ್ಟಿಗೆ ಬಿಡಲು ಕಾಚಿಗೂಡದ ಚಿಗವ್ವನ ಮನೆಗೆ ಹೊರಟೆ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಗಂಡ ರೈಲ್ವೆಯಲ್ಲಿದ್ದವರು. ಸ್ಟೇಷನ್ ಹಿಂದಿನ ಓಣಿಯಲ್ಲಿ ಮನೆ. ನಾವಿರುವ ಮಿಯಾಪುರದಿಂದ ಕಾಚಿಗೂಡ ಅಂದರೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಮೆಟ್ರೋ ಇಳಿದು, ಆಟೋ ಹತ್ತಿ, ಲಾಡ್ಜುಗಳ ಬೋರ್ಡು ಎಣಿಸುತ್ತ ಹೋಗುವ ಹೊತ್ತಿಗೆ ಸಿರಿ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಚಿಗವ್ವ ಬಾಗಿಲು ತೆಗೆದವಳೇ ಶುರು ಮಾಡಿದಳು.

‘ಇಷ್ಟ್ ದೂರ ಕೂಸಿನ್ನ ಹೊತ್ಕೊಂಡ್ ಬಂದೀಯಲ್ಲೋ! ನಿಮ್ಮ ಬಿಲ್ಡಿಂಗಿನ್ಯಾಗ ಮಂದಿ ಇಲ್ಲೇನು?’

‘ಅದಾರ ಚಿಗವ್ವ. ಎಲ್ಲಾರೂ ನೌಕರಿಗೆ ಹೋಗ್ತಾರ.’

‘ಅವರ ಮಕ್ಕಳು?’

‘ಅವೂ ಮನ್ಯಾಗ ಅದಾವ. ಎಲ್ಲಾ ಒಂದ ಸಾಲಿ.’

‘ಮತ್ತ ಮುಯ್ಯಾಳು ಮಾಡ್ಕೋರಿ!’

ಗೊತ್ತಿಲ್ಲದವರಿಗೆ ಒಂದು ಮಾತು. ಇವತ್ತು ನನ್ನ ಹೊಲಕ್ಕೆ ನೀನು ಬಾ, ನಾಳೆ ನಿನ್ನ ಹೊಲಕ್ಕೆ ನಾನು ಬರುತ್ತೇನೆ ಎನ್ನುವುದು ಮುಯ್ಯಾಳು. ಕೂಲಿ ಇಲ್ಲ, ಉಪಕಾರವೂ ಇಲ್ಲ. ಆಳಿಗೆ ಆಳು, ಅಷ್ಟೇ. ನನ್ನ ತಾಯಿ, ಚಿಗವ್ವ ಎಲ್ಲ ಹುಡುಗಿಯರಾಗಿದ್ದಾಗ ಹಾಗೇ ಕಸ, ಅಂದರೆ ಹೊಲದ ಕಳೆ, ತೆಗೆಯಲು ಹೋದವರು.

‘ಎರಡ ಮಾತು ನೆಪ್ಪಿಡು’ ಎಂದಳು ಚಿಗವ್ವ. ‘ಓಣ್ಯಾಗ ಯಾರನ್ನೂ ಬಿಡಬ್ಯಾಡ. ಮತ್ತ ಕಸಾ ತಗ್ಯಾಕ ಬಂದಾಕಿಗೆ ನೀರೂ ಹೊತ್ತಹಾಕು ಅನಬ್ಯಾಡ. ಅಂದ್ರ ನಾಳಿಗೆ ಆಕಿ ಬರಂಗಿಲ್ಲ.’

ಶನಿವಾರ ಸಂಜೆ ಅಪಾರ್ಟ್‌ಮೆಂಟಿನ ಕೆಳಗೆ ಎಲ್ಲರನ್ನೂ ಸೇರಿಸಿದೆ. ದಿನಕ್ಕೆ ಒಂದು ಮನೆ, ಆ ಮನೆಯವರು ಒಂದೇ ದಿನ ರಜೆ ಹಾಕಿದರೆ ಸಾಕು, ಉಳಿದವರೆಲ್ಲ ಕೆಲಸಕ್ಕೆ ಹೋಗಬಹುದು. ತೆಲುಗಿನಲ್ಲಿ ಮುಯ್ಯಾಳಿಗೆ ಏನನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. ರಜೆ ಉಳಿಯುತ್ತದೆ ಎಂದ ತಕ್ಷಣ ಎಲ್ಲರಿಗೂ ಅರ್ಥವಾಯಿತು.

ತಕರಾರು ಬಂದದ್ದು ವಿಜಯಾ ಟೀಚರ್ ಹೆಸರಿಗೆ.

ವಿಜಯಾ ನಮ್ಮ ಸಿರಿಯ ಕ್ಲಾಸ್ ಟೀಚರ್. ನಮ್ಮ ಬಿ ಬ್ಲಾಕಿನವರೇ. ಒಂದು ವರ್ಷ ಆಕೆಯ ಜೊತೆ ತೆಲುಗಿನಲ್ಲೇ ಮಾತಾಡಿದ್ದೆ. ಆಮೇಲೊಂದು ದಿನ ಲಿಫ್ಟಿನಲ್ಲಿ ತನ್ನ ಮಗ ಚಿನ್ನುವಿಗೆ ‘ಸುಮ್ಮ ನಿಂದ್ರಂಗಿಲ್ಲೇನು?’ ಎಂದು ಗದರಿದ್ದು ಕೇಳಿ, ‘ಅಯ್ಯ, ನೀವು ನಮ್ಮ ಕಡೇವರೇನ್ರಿ!’ ಎಂದು ಇಬ್ಬರೂ ನಕ್ಕಿದ್ದೆವು. (ಹೈದರಾಬಾದಿನ ಕನ್ನಡದವರು ಹೀಗೇ. ಮನೆಯ ಹೊಸ್ತಿಲು ದಾಟುವಾಗ ಚಪ್ಪಲಿ ಹಾಕಿಕೊಳ್ಳುತ್ತೇವೆ, ಭಾಷೆ ಬಿಚ್ಚಿಡುತ್ತೇವೆ.)

ಶುಕ್ರವಾರ ಸಂಜೆ ಶಾಮಿಯಾನದ ಕಡೆಯಿಂದ ಬರುವಾಗ ಆಕೆಯನ್ನು ನೋಡಿದ್ದೆ. ಐದು ವರ್ಷದ ಚಿನ್ನು ಜಮಖಾನೆಯ ಮೂಲೆಯಲ್ಲಿ ತಾಯಿಯ ಪರ್ಸಿಗೆ ತಲೆಯಿಟ್ಟು ಮಲಗಿದ್ದ. ಅವನೂ ಅದೇ ಶಾಲೆಯ ಯುಕೆಜಿ. ತಂದೆಗೆ ಶಿಫ್ಟ್ ಕೆಲಸ. ಸಿಟ್ಟಿನಲ್ಲೇ ಕೇಳಿದೆ, ಇದೆಲ್ಲ ಯಾತಕ್ಕೆ ಅಂತ.

‘ಮೂರಕ್ಕ ಸಾಲಿ ಬಿಡತೈತ್ರಿ ಸರ. ಆದ್ರ ತಡಾ ಮಾಡಿ ಬರೂ ಅಪ್ಪ ಅವ್ವಂದಿರ ಸಲುವಾಗಿ ಆರರ ತನಕಾ ನಾವ ಮಕ್ಕಳನ್ನ ಕಾಯಬೇಕು. ಅದಕ್ಕ ಬ್ಯಾರೆ ಮಂದಿ ಇಡ್ರಿ ಅಂತ ವರ್ಷಾತು ಕೇಳಾಕತ್ತೀವಿ. ಕಿವಿ ಮ್ಯಾಲ ಹಾಕ್ಕೊಳ್ಳವಲ್ರು.’

‘ಚಿನ್ನು ನಿಮ್ಮ ಜೋಡಿನ ಇರ್ತಾನಲ್ರಿ ಆವಾಗ?’

‘ಇರ್ತಾನ್ರಿ. ಆದ್ರ ಸಾಲಿ ಒಳಗ ನನ್ನ ಅವ್ವ ಅನ್ನಂಗಿಲ್ಲ, ಎಲ್ಲಾರಂಗ ಟೀಚರ್ ಅನಬೇಕು. ಹಂಗಂತ ರೂಲ್. ಆರಕ್ಕ ಗೇಟ್ ದಾಟೂದ್ರಾಗ ನಿದ್ದಿ ಹತ್ತಿರತೈತಿ. ಹೊತ್ಕೊಂಡ್ ಹೋಗ್ತೀನಿ. ಅವ್ವ ಅನ್ನಾಕ ಅವಗ ಟೈಮ ಸಿಗೂದಿಲ್ರಿ.’

ಆರಕ್ಕೆ ಬರುವ ಆ ಅಪ್ಪ ಯಾರು ಎಂದು ನಿಮಗೆ ಹೊಳೆದಿರಬೇಕು. ದಿನಾ ಓಡಿಬಂದು ‘ಸಾರಿ ಮೇಡಂ, ಟ್ರಾಫಿಕ್’ ಎನ್ನುವವನು ನಾನೇ. ಮೆಟ್ರೋದಲ್ಲಿ ಬರುವವನಿಗೆ ಎಲ್ಲಿಯ ಟ್ರಾಫಿಕ್ಕು?

ಅದಕ್ಕೇ ಮೀಟಿಂಗಿನಲ್ಲಿ ಚಿನ್ನುವೂ ಇರಲಿ ಎಂದೆ. ಎದುರು ಮನೆಯ ರವಿಗಾರು ಎದ್ದು ನಿಂತರು. ಒಳ್ಳೆಯ ಮನುಷ್ಯ, ಆದರೆ ಗಂಟಲು ದೊಡ್ಡದು. ‘ಆವಿಡ ವಲ್ಲೇ ಕದಂಡೀ ಈ ತಲನೊಪ್ಪಿ!’ ಎಂದರು. ಈ ತಲೆನೋವೇ ಆಕೆಯಿಂದ, ಆಕೆಯ ಮಗನನ್ನು ನಾವು ಸಾಕಬೇಕಾ ಎಂದು. ಹಲವರು ತಲೆ ಆಡಿಸಿದರು. ನಾನು ಚಿಗವ್ವನ ಮೊದಲ ಮಾತು ಹೇಳಿದೆ. ಮುಯ್ಯಾಳಿನಲ್ಲಿ ಯಾರನ್ನೂ ಬಿಡುವಂತಿಲ್ಲ. ಹಾಗಾದರೆ ಆಕೆಯೂ ಒಂದು ದಿನ ಪಾಳಿ ಮಾಡಲಿ ಎಂದರು ರವಿಗಾರು.

ಹೋಗಿ ಕೇಳಿದೆ. ವಿಜಯಾ ಹೇಳಿದರು, ‘ಗುರುವಾರ ಬರ್ಲಿ. ಓಣಿ ಮಕ್ಕಳನ್ನ ನೋಡ್ಕೊಂತೀನಿ, ಜೋಡಿ ಟೀಚರ್ಸಿಗೂ ಹೇಳಿರ್ತೀನಿ. ಆದ್ರ ಪಾಠಾ ಇಲ್ರಿ. ಪಾಠಾ ಮಾಡಿದ್ನಿ ಅಂದ್ರ ಗೇಟಿನ ಮುಂದ ಕುಂತವರಿಗೆ ಮಾರಿ ಹೆಂಗ ತೋರಸ್ಲಿ?’

ಖಂಡಿತಾ ಇಲ್ಲ ಎಂದು ನಾನೇ ಮಾತು ಕೊಟ್ಟೆ. ಎಲ್ಲರಿಗೂ ಹೇಳಿದೆ. ಎಲ್ಲರೂ ಹೂಂಗುಟ್ಟಿದರು.

ಸೋಮವಾರ ನನ್ನ ಪಾಳಿ, ಅದರ ಕತೆ ಆಗಲೇ ಹೇಳಿದ್ದೇನೆ. ಮಂಗಳವಾರ ರವಿಗಾರು ಮನೆ. ದಿನವಿಡೀ ಟಿವಿ. ಬುಧವಾರ ಮೂರನೇ ಮಹಡಿಯ ನರ್ಸಮ್ಮ. ಹನ್ನೊಂದೂ ಮಕ್ಕಳನ್ನು ಮಧ್ಯಾಹ್ನ ಸಾಲಾಗಿ ಮಲಗಿಸಿಬಿಟ್ಟರಂತೆ! ಮೂರೂ ದಿನ ಮಕ್ಕಳ ಬ್ಯಾಗಿನಲ್ಲಿ ಇದ್ದದ್ದು ಕಾರು, ಗೊಂಬೆ, ಕುರುಕುರು ಶಬ್ದ ಮಾಡುವ ತಿಂಡಿ ಪೊಟ್ಟಣ.

ಗುರುವಾರ ಬೆಳಿಗ್ಗೆ ವಿಜಯಾ ಅವರ ಬಾಗಿಲಲ್ಲಿ ನಾವೆಲ್ಲ ಮಕ್ಕಳನ್ನು ಬಿಟ್ಟು ಓಡುವ ಅವಸರದಲ್ಲಿದ್ದೆವು. ಆಕೆ ಒಂದು ಮಗುವಿನ ಬ್ಯಾಗು ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಭಾರ.

ಜಿಪ್ ಎಳೆದರು. ಇಂಗ್ಲಿಷ್ ರೀಡರ್, ತೆಲುಗು ಪಾಠದ ಪುಸ್ತಕ, ಕಾಪಿ ಪುಸ್ತಕ. ಇನ್ನೊಂದು ಬ್ಯಾಗು. ಅದರಲ್ಲೂ. ಮತ್ತೊಂದು. ಹತ್ತು ಬ್ಯಾಗು, ಹತ್ತರಲ್ಲೂ ಪುಸ್ತಕ! ನರ್ಸಮ್ಮನ ಮನೆಗೆ ಹೋಗುವಾಗ ಯಾರಾದರೂ ಥರ್ಮಾಮೀಟರ್ ಕಳಿಸಿದ್ದರಾ? ಇಲ್ಲ. ಯಾರೂ ಯಾರಿಗೂ ಹೇಳಿರಲಿಲ್ಲ, ಆದರೂ ಹತ್ತು ಮನೆಯಲ್ಲಿ ಒಂದೇ ಬುದ್ಧಿ. ಹೇಗೂ ಟೀಚರ್ ಇರ್ತಾರಲ್ಲ, ಒಂದೆರಡು ಪುಟ...

ಸಿರಿಯ ಬ್ಯಾಗಿನಲ್ಲಿ ಲೆಕ್ಕದ ವರ್ಕ್‌ಬುಕ್ ಇತ್ತು. ಇಟ್ಟವನು ನಾನು. ಮಾತು ಕೊಟ್ಟವನೂ ನಾನೇ.

‘ಸರ, ಇದೇನ್ರಿ?’ ವಿಜಯಾ ಜೋರಾಗಿ ಕೇಳಲಿಲ್ಲ. ಜೋರಾಗಿ ಕೇಳಿದ್ದರೆ ವಾಸಿಯಿತ್ತು. ‘ಒಂದ ಕೆಲಸದ ಮ್ಯಾಲ ಇನ್ನೊಂದು ಹೇರಬ್ಯಾಡ್ರಿ ಅಂತ ಅಲ್ಲಿ ಕುಂತೀನ್ರಿ. ನೀವು ಅದನ್ನ ಮನೀಗೇ ತಂದ್ರಿ.’

ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಈಗ ಈಕೆ ಬಾಗಿಲು ಹಾಕಿಕೊಂಡರೆ? ಲಾಟ್ ಹೊರಡುವ ದಿನ ನಾನು ಮನೆಯಲ್ಲಿ, ಶೈಲಾಳ ಆಡಿಟ್ ಗೋವಿಂದ, ರವಿಗಾರು ‘ನಾನು ಹೇಳಲಿಲ್ಲವಾ’ ಎನ್ನುತ್ತಾರೆ, ಮುಯ್ಯಾಳು ಅಲ್ಲಿಗೆ ಮುಗಿಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಕಸ ತೆಗೆಯಲು ಬಂದವಳಿಗೆ ನೀರು ಹೊರಿಸಬೇಡ ಎಂದು ಚಿಗವ್ವ ಅಷ್ಟು ಬಿಡಿಸಿ ಹೇಳಿದ್ದಳು.

ಬಗ್ಗಿ ವರ್ಕ್‌ಬುಕ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ. ಪಕ್ಕದಲ್ಲಿ ನರ್ಸಮ್ಮ ತಮ್ಮ ಮಗನ ರೀಡರ್ ತೆಗೆದರು. ಒಬ್ಬೊಬ್ಬರಾಗಿ ಎಲ್ಲರೂ. ಕೊನೆಗೆ ರವಿಗಾರು, ನಾಲ್ಕು ಪುಸ್ತಕ. (ಮನುಷ್ಯ ಅಟ್ಲಾಸನ್ನೂ ಹಾಕಿದ್ದರು. ಎರಡನೇ ಕ್ಲಾಸಿಗೆ ಅಟ್ಲಾಸ್!) ವಿಜಯಾ ಖಾಲಿ ಬ್ಯಾಗುಗಳನ್ನು ನೋಡಿದರು, ನಮ್ಮನ್ನು ನೋಡಿದರು. ಮುಖದಲ್ಲಿ ನಗು ಬಂತೋ ಇಲ್ಲವೋ ಗೊತ್ತಾಗಲಿಲ್ಲ. ‘ಹೋಗ್ರಿ, ತಡಾ ಆಗತೈತಿ’ ಎಂದು ಮಕ್ಕಳನ್ನು ಒಳಗೆ ಕರೆದರು.

ಅವತ್ತು ಮಿಯಾಪುರದಿಂದ ಹೊರಟ ಮೆಟ್ರೋದಲ್ಲಿ ದೊಡ್ಡ ದೊಡ್ಡವರೆಲ್ಲ ಒಂದನೇ, ಎರಡನೇ ಕ್ಲಾಸಿನ ಪುಸ್ತಕ ಹಿಡಿದು ನಿಂತಿದ್ದೆವು. ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿಯವನು ನನ್ನ ವರ್ಕ್‌ಬುಕ್ ತಿರುವಿ ನೋಡಿದ. ‘ಯೇ ಕ್ಯಾ ಹೈ ಸಾಬ್?’

‘ಬೇಟೀ ಕಾ ಗಣಿತ್.’

‘ಆಪ್ ಕೋ ಆತಾ ಕ್ಯಾ?’ ನಿಮಗೆ ಬರುತ್ತಾ ಎಂದು ಕೇಳಿ ವಾಪಸ್ ಕೊಟ್ಟ.

ಲಾಟ್ ಹೊರಟಿತು. ಸಂಜೆ ಓಡಿಬಂದರೆ ವಿಜಯಾ ಅವರ ಮನೆಯೆಲ್ಲ ಜೋಳದ ಹಿಟ್ಟು. ಹನ್ನೊಂದೂ ಮಕ್ಕಳ ಮೂಗು, ಕಿವಿ, ಹುಬ್ಬು ಬಿಳಿ. ರೊಟ್ಟಿ ಬಡಿದಿದ್ದರಂತೆ. ಒಂದೊಂದು ರೊಟ್ಟಿ ಒಂದೊಂದು ಆಕಾರ. ಎಷ್ಟು ಮಾಡಿದೆ ಪುಟ್ಟಿ ಎಂದು ಸಿರಿಯನ್ನು ಕೇಳಿದೆ.

‘ಎಣಸಬಾರದಪ್ಪಾ’ ಎಂದಳು ಗಂಭೀರವಾಗಿ. ‘ಎಣಿಸಿದ್ರ ಅದು ಪಾಠ ಆಗತೈತಂತ.’

ರವಿಗಾರು ತಮ್ಮ ಮಗಳು ಬಡಿದ, ಅರ್ಧ ಸುಟ್ಟ ರೊಟ್ಟಿಯನ್ನು ಬಾಗಿಲಲ್ಲೇ ನಿಂತು ತಿಂದರು. ಪೂರ್ತಿ ತಿಂದು, ಕೈ ಝಾಡಿಸಿ, ನಾವೆಲ್ಲ ಶನಿವಾರ ಶಾಲೆಗೆ ಹೋಗೋಣ ಎಂದರು. ಟೀಚರ್‌ಗಳ ವಿರುದ್ಧ ದೂರು ಕೊಡಲು ಎಂದುಕೊಂಡೆ. ಅಲ್ಲ. ‘ಮಾ ಪಿಲ್ಲಲು, ಮಾ ಡ್ಯೂಟಿ’ ಎಂದರು. ನಮ್ಮ ಮಕ್ಕಳು, ಮೂರರ ಮೇಲೆ ಕಾಯುವುದು ನಮ್ಮ ಡ್ಯೂಟಿ ಎಂದು.

ಶನಿವಾರ ಹೋದೆವು. ಮೊದಲು ಶಾಮಿಯಾನಕ್ಕೆ, ಆಮೇಲೆ ಆಡಳಿತದವರ ಕೋಣೆಗೆ. ‘ಆರರ ತನಕ ಮಕ್ಕಳನ್ನು ಇಟ್ಟುಕೊಳ್ಳುವುದೆಲ್ಲ ನಿಮ್ಮ ಅನುಕೂಲಕ್ಕೇ ಮಾಡಿದ್ದು’ ಎಂದರು ಅವರು. ನಿಜವೇ. ನಮ್ಮ ಅನುಕೂಲ, ಇನ್ನೊಬ್ಬರ ಸಂಜೆ. ರವಿಗಾರು ಅವರ ಗಂಟಲು ಮೊದಲ ಸಲ ನನಗೆ ಇಂಪಾಗಿ ಕೇಳಿಸಿತು. ಮೂರರ ನಂತರ ಮಕ್ಕಳನ್ನು ನೋಡಿಕೊಳ್ಳಲು ಬೇರೆಯವರನ್ನು ಇಡುತ್ತೇವೆ, ಅಲ್ಲಿಯವರೆಗೆ ಪೋಷಕರೇ ಪಾಳಿಯಲ್ಲಿ ಕೂರಲಿ ಎಂದು ತೀರ್ಮಾನವಾಯಿತು. ಸೋಮವಾರ ಶಾಮಿಯಾನ ಇಳಿಯಿತು. ಎಲ್ಲ ಪೋಷಕರೂ ಖುಷಿಯಾಗಿದ್ದಾರೆ ಎಂದೇನಲ್ಲ. ಆಡಳಿತದವರು ಮಾತು ಉಳಿಸಿಕೊಳ್ಳುತ್ತಾರೋ ನೋಡಬೇಕು. ಆದರೆ ಮುಯ್ಯಾಳು ಅಪಾರ್ಟ್‌ಮೆಂಟಿನಿಂದ ಶಾಲೆಯವರೆಗೆ ಹೋಗಿದೆ. ಇನ್ನು ಹಿಂದೆ ಬರಲಾರದು ಎಂದು ನನ್ನ ನಂಬಿಕೆ.

ಮೊನ್ನೆ ನನ್ನ ಪಾಳಿ. ಪರ್ಮಿಷನ್ ಕೇಳಿ ಬೇಗ ಹೊರಟು ಮೂರಕ್ಕೆ ಮುಂಚೆ ಗೇಟಿನಲ್ಲಿದ್ದೆ. ಬೆಲ್ ಹೊಡೆಯಿತು. ವಿಜಯಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದರು, ಪಕ್ಕದಲ್ಲಿ ಚಿನ್ನು, ಪೂರ್ತಿ ಎಚ್ಚರ. ಗೇಟಿನ ಕಬ್ಬಿಣದ ಪಟ್ಟಿಯ ತನಕ ಬಾಯಿ ಬಿಗಿಹಿಡಿದು ನಡೆದ. ಎರಡೂ ಕಾಲು ಜೋಡಿಸಿ ಅದರಾಚೆ ಜಿಗಿದ.

‘ಅವ್ವಾ!’ ಎಂದು ಕಿರುಚಿದ. ಬೀದಿಯೇ ತಿರುಗಿ ನೋಡುವ ಹಾಗೆ. ಹೇಳಲು ಬೇರೇನೂ ಇರಲಿಲ್ಲ ಅವನಿಗೆ. ಇನ್ನೊಂದು ಸಲ ಅದನ್ನೇ ಕಿರುಚಿದ.

ಅಂದ ಹಾಗೆ, ನಿಮ್ಮ ಮಗುವಿನ ಟೀಚರ್ ಸಂಜೆ ಎಷ್ಟಕ್ಕೆ ಅವ್ವ ಆಗುತ್ತಾರೆ?